ಮ್ಯಾಜಿಕಲ್ ಅಂದ್ರೆ ಯಾರೂ ಹೆದರಲ್ಲ

ಚಿಕ್ಕಬಳ್ಳಾಪುರದಿಂದ ನಂದಿ ಕಡೆ ಹೋಗುವ ರಸ್ತೆಯಲ್ಲಿ ಈಗ ಎಲ್ಲವೂ ಮ್ಯಾಜಿಕಲ್. ಸೂರ್ಯೋದಯ ಮ್ಯಾಜಿಕಲ್, ಮಂಜು ಮ್ಯಾಜಿಕಲ್, ಸೈಟು ಮಾರುವವರ ಬೋರ್ಡಿನಲ್ಲಿ ಇನ್ನೂ ಕಟ್ಟದ ಮನೆಯ ಬಾಳೂ ಮ್ಯಾಜಿಕಲ್. ಭಾನುವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು, ಕಾರಹಳ್ಳಿ ಕ್ರಾಸ್‌ನಿಂದಾಚೆ ಕಾರಿನ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು, 1,478 ಮೀಟರ್ ಎತ್ತರದ ಬೆಟ್ಟ ಹತ್ತುವ ಹೊತ್ತಿಗೆ ಸೂರ್ಯ ಮೇಲೆ ಬಂದಾಗಿರುತ್ತದೆ. ಅಥವಾ ಮೋಡದೊಳಗೆ ಸೂರ್ಯನೇ ಕಾಣುವುದಿಲ್ಲ. ಆದರೂ ಫೋಟೊ ಕೆಳಗೆ ಬರೆಯೋದು ಅದೇ ಮಾತು. ಇದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿದೆ ಅನ್ನಿಸಿದ್ದಕ್ಕೆ ಒಂದು ಮಾತು ಬೇಕಲ್ವಾ.

ನನಗೆ ಇದು ತಲೆಗೆ ಹತ್ತಿದ್ದು ನಮ್ಮ ಚಿಕ್ಕಪ್ಪನ ಮಗನಿಂದ. ಅವನು ದಿಲ್‌ಖುಷ್ ದ್ರಾಕ್ಷಿ ಇದ್ದ ತೋಟದ ಒಂದು ಮೂಲೆ ಕಿತ್ತು, ನಾಲ್ಕು ರೂಮು ಕಟ್ಟಿ ಫಾರ್ಮ್ ಸ್ಟೇ ಮಾಡಿದ್ದಾನೆ. ಬೆಂಗಳೂರಿನ ಯಾರೋ ಡಿಸೈನರ್ ಇಂಗ್ಲಿಷಿನಲ್ಲಿ 'ಮ್ಯಾಜಿಕಲ್ ಮಾರ್ನಿಂಗ್ಸ್' ಅಂತ ಬರೆದುಕೊಟ್ಟಿದ್ದರು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಯ್ತಲ್ಲ, ಅದಕ್ಕೆ ಇವನು ಫೋನಿಗೆ ಕೇಳಿದ. ಫೋನು 'ಮಾಂತ್ರಿಕ ಮುಂಜಾವುಗಳು' ಅಂತ ಕೊಟ್ಟಿತು. ಪ್ರಿಂಟ್ ಹಾಕಿಸುವ ಮುಂಚೆ ಮನೆಯಲ್ಲಿ ಓದಿ ಹೇಳಿದ. ಚಿಕ್ಕಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಿದರು. "ಬೇಡ ಕಣಪ್ಪ. ಮಾಂತ್ರಿಕ ಅಂತ ಬರೆದ್ರೆ ಒಳಗೆ ಯಾವನೋ ನಿಂಬೆಹಣ್ಣು ಹಿಡ್ಕೊಂಡು ಕೂತವ್ನೆ ಅಂದ್ಕೋತಾರೆ. ಹೆಂಗಸರು ಮಕ್ಕಳು ಬರೋ ಜಾಗ."

ಎಲ್ಲರೂ ನಕ್ಕೆವು. ಕೊನೆಗೆ ಬೋರ್ಡಿನಲ್ಲಿ ಸುಮ್ನೆ ತೋಟದ ಹೆಸರು ಬಂತು. ಆದರೆ ನನಗೆ ಚಿಕ್ಕಮ್ಮನ ಮಾತು ತಲೆಯಿಂದ ಹೋಗಲಿಲ್ಲ. ಬೆಂಗಳೂರಿನವರಿಗೆ ಖುಷಿ ಕೊಡುವ ಮಾತು ಹಳ್ಳಿಯ ಹೆಂಗಸಿಗೆ ನಿಂಬೆಹಣ್ಣಾಗಿ ಕಂಡಿದ್ದು ಹೇಗೆ? ಇಂಗ್ಲಿಷಿನಲ್ಲಿ ಆ ನಿಂಬೆಹಣ್ಣು ಎಲ್ಲಿ ಹೋಯಿತು?

ಪಕ್ಕದ ಊರಿನ ವಿದ್ಯೆ

ಮ್ಯಾಜಿಕ್ ಅನ್ನೋದು ಇಂಗ್ಲಿಷಿಗೆ ಸೇರಿದ್ದು 14ನೇ ಶತಮಾನದ ಕೊನೆಗೆ, ಫ್ರೆಂಚಿನಿಂದ. ಅಲ್ಲಿಗೆ ಲ್ಯಾಟಿನ್‌ನಿಂದ, ಲ್ಯಾಟಿನ್‌ಗೆ ಗ್ರೀಕ್‌ನಿಂದ. ಗ್ರೀಕರಿಗೆ ಸಿಕ್ಕಿದ್ದು ಪರ್ಷಿಯಾದ ಪೂಜಾರಿಗಳ ಹೆಸರು, ಮಾಗುಗಳದ್ದು. ಆ ಪೂಜಾರಿಗಳಿಗೆ ತಾವು ಮಾಡುತ್ತಿದ್ದದ್ದು ಪೂಜೆ. ಬೆಂಕಿಯ ಮುಂದೆ ನಿಂತು ಹೇಳುತ್ತಿದ್ದದ್ದು ಮಂತ್ರ. ಗಡಿ ಆಚೆಯಿಂದ ನೋಡಿದ ಗ್ರೀಕರಿಗೆ ಅದು ಏನೋ ಮಾಟ. ಅಂದರೆ ಈ ಮಾತು ಹುಟ್ಟಿದಾಗಲೇ ಅದರೊಳಗೆ ಒಂದು ಬೈಗುಳ ಇತ್ತು. ನಾವು ಮಾಡೋದು ದೇವರ ಕೆಲಸ, ಅವರು ಮಾಡೋದು ಮ್ಯಾಜಿಕ್.

ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಕೊಳ್ಳೇಗಾಲ. ನಮ್ಮ ಕಡೆ ಯಾರಿಗೆ ಮಾಟದ ಅನುಮಾನ ಬಂದರೂ ಮೊದಲು ಬರುವ ಊರು ಅದೇ. "ಕೊಳ್ಳೇಗಾಲಕ್ಕೆ ಹೋಗಿ ಬಂದವ್ರಂತೆ" ಅಂದರೆ ಸಾಕು, ಉಳಿದದ್ದು ಕೇಳುವವರೇ ತುಂಬಿಕೊಳ್ಳುತ್ತಾರೆ. ಬಸ್ಸಿನ ಸೀಟಿನ ಹಿಂದೆ ಅಂಟಿಸುವ ಚೀಟಿಯಲ್ಲೂ ಅದೇ ಊರಿನ ಹೆಸರು, ಇಲ್ಲಾಂದ್ರೆ ಕೇರಳದ್ದು. ಕಾಲೇಜಿನಲ್ಲಿ ನನ್ನ ಜೊತೆ ಕೊಳ್ಳೇಗಾಲದ ಹುಡುಗನೊಬ್ಬ ಇದ್ದ. ರೇಷ್ಮೆ ಸೀರೆ ವ್ಯಾಪಾರದ ಮನೆಯವನು. ಹಾಸ್ಟೆಲ್‌ನಲ್ಲಿ ಅವನ ತಟ್ಟೆ ಮುಟ್ಟಲು ಒಬ್ಬಿಬ್ಬರು ನಿಜವಾಗಿಯೂ ಹೆದರುತ್ತಿದ್ದರು. ಅವನನ್ನು ಕೇಳಿದರೆ, "ನಮ್ಮೂರಲ್ಲಿ ಎಲ್ಲಿದೆ ಮಾರಾಯ, ಅದೆಲ್ಲ ಕೇರಳದವರದ್ದು" ಅನ್ನುತ್ತಿದ್ದ. ಕೇರಳದವರನ್ನು ಕೇಳಿದ್ದರೆ ಅವರು ಇನ್ಯಾವ ಕಡೆ ಕೈ ತೋರಿಸುತ್ತಿದ್ದರೋ. ಮಾಟ ಯಾವತ್ತೂ ಪಕ್ಕದ ಊರಿನ ವಿದ್ಯೆ. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರೂ ಹೀಗೇ ಪರ್ಷಿಯಾ ಕಡೆ ಕೈ ತೋರಿಸಿದ್ದರು.

ಮ್ಯಾಜಿಕಲ್ ಬಂದದ್ದು ಆಮೇಲೆ, 16ನೇ ಶತಮಾನದಲ್ಲಿ. ಇವತ್ತು ಎರಡೂ ವಿಶೇಷಣಗಳೇ, ಆದರೆ ಬಳಕೆಯಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಇಂಗ್ಲಿಷ್ ಆಡುವವರು ಮ್ಯಾಜಿಕ್ ಕಾರ್ಪೆಟ್ ಅನ್ನುತ್ತಾರೆ, ಮ್ಯಾಜಿಕ್ ವ್ಯಾಂಡ್ ಅನ್ನುತ್ತಾರೆ. ಅಲ್ಲಿ ಆ ಚಾಪೆ ಹಾರಬೇಕು, ಆ ಕೋಲು ಏನಾದರೂ ಮಾಡಬೇಕು. ಹಾರದಿದ್ದರೆ ಅದು ಬರೀ ಚಾಪೆ. ಅದೇ ಒಂದು ಸಂಜೆಯನ್ನು ಮ್ಯಾಜಿಕಲ್ ಅಂದರೆ ಸಂಜೆ ಏನೂ ಮಾಡಬೇಕಾಗಿಲ್ಲ. ಹೇಳುವವನಿಗೆ ಏನೋ ಆಯಿತು, ಅಷ್ಟೇ. ಮ್ಯಾಜಿಕಲ್ ಪವರ್ಸ್ ಅಂತಲೂ ಹೇಳುತ್ತಾರೆ ನಿಜ, ಗೆರೆ ಅಷ್ಟು ನೇರವಾಗಿಲ್ಲ. ಹಾಗಿದ್ದರೂ ಹಾಡು, ಊಟ, ಮಳೆ, ಮದುವೆ ಮನೆಯ ದೀಪಗಳ ಬಗ್ಗೆ ಮಾತಾಡುವಾಗ ಕೈಗೆ ಸಿಗುವುದು ಮ್ಯಾಜಿಕಲ್ಲೇ. ಬ್ಲ್ಯಾಕ್ ಮ್ಯಾಜಿಕ್ ಅಂತ ಇದೆ. ಬ್ಲ್ಯಾಕ್ ಮ್ಯಾಜಿಕಲ್ ಸಂಜೆ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇಂಗ್ಲಿಷಿನಲ್ಲಿ ಹೊಗಳುವ ಮಾತುಗಳು ಎಷ್ಟೊಂದು ಇದೇ ಮಸಣದಿಂದ ಎದ್ದು ಬಂದವು ಅಂತ ನೋಡಿದರೆ ತಮಾಷೆ ಅನ್ನಿಸುತ್ತದೆ. ಚಾರ್ಮಿಂಗ್ ಅಂದರೆ ಮೂಲದಲ್ಲಿ ಮಂತ್ರ ಹಾಡುವುದು. ಫ್ಯಾಸಿನೇಟಿಂಗ್ ಅಂದರೆ ದೃಷ್ಟಿ ಹಾಕುವುದು, ನಮ್ಮ ಮಕ್ಕಳಿಗೆ ಕೆನ್ನೆ ಮೇಲೆ ಕಪ್ಪು ಬೊಟ್ಟಿಟ್ಟು ತಪ್ಪಿಸುತ್ತಾರಲ್ಲ, ಅದೇ ದೃಷ್ಟಿ. ಗ್ಲಾಮರ್ ಇನ್ನೂ ಮಜಾ. ಅದು ಗ್ರಾಮರ್ ಅನ್ನೋ ಮಾತೇ ಸ್ಕಾಟ್ಲೆಂಡಿನ ಬಾಯಲ್ಲಿ ತಿರುಗಿದ್ದು. ವ್ಯಾಕರಣ ಓದಿದವನಿಗೆ ಮಂತ್ರವೂ ಬರುತ್ತೆ ಅಂತ ಓದು ಬಾರದ ಜನ ನಂಬಿದ್ದ ಕಾಲದ್ದು. ಈಗ ಸಿನಿಮಾ ನಟಿಯರಿಗೆ ಅದನ್ನು ಹೇಳುವಾಗ ಯಾರಿಗೂ ವ್ಯಾಕರಣದ ಮೇಷ್ಟ್ರು ನೆನಪಾಗುವುದಿಲ್ಲ.

ನಮ್ಮಲ್ಲೂ ಈ ಕೆಲಸ ಅರ್ಧ ಆಗಿದೆ. ಮೋಡಿ ಮಾಡುವುದು ಪೇಪರಿನವರ ಅಚ್ಚುಮೆಚ್ಚಿನ ಮಾತು, ಯಾರು ಹಾಡಿದರೂ ಕೇಳುಗರಿಗೆ ಮೋಡಿ ಮಾಡುತ್ತಾರೆ. ಮಾಟವಾದ ಮೂಗು ಅಂದರೆ ತಿದ್ದಿ ತೀಡಿದ ಮೂಗು, ಹೆಣ್ಣು ನೋಡಲು ಹೋಗಿ ಬಂದವರು ಮೆಚ್ಚಿ ಹೇಳುತ್ತಿದ್ದ ಮಾತು. ಆದರೆ 'ವಾದ' ಕಿತ್ತು ಬರೀ ಮಾಟ ಅನ್ನಿ, ಅದೇ ಮನೆಯವರು ಧ್ವನಿ ತಗ್ಗಿಸುತ್ತಾರೆ. ಎರಡೂ ಮಾಡು ಅನ್ನುವುದರಿಂದಲೇ ಬಂದವು. ಮೂಗನ್ನು ಮಾಡಿದವನು ದೇವರು, ಅವನ ಮೇಲೆ ಯಾರೂ ಕಂಪ್ಲೇಂಟ್ ಕೊಡಲ್ಲ. ಮಾಟ ಮಾಡಿಸಿದವನು ಮಾತ್ರ ಯಾವಾಗಲೂ ಗೊತ್ತಿರುವ ಮನುಷ್ಯನೇ ಆಗಿರುತ್ತಾನೆ.

ಪಾಯಿಂಟ್

ಚಿಕ್ಕಪ್ಪನ ತೋಟದಲ್ಲಿ ಬೋರ್ ಕೊರೆಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹಳೇ ಬೋರು ನಿಂತುಹೋಗಿತ್ತು. ದ್ರಾಕ್ಷಿ ಬಳ್ಳಿ ಚಪ್ಪರದ ಮೇಲೇ ಒಣಗುತ್ತಿತ್ತು. ನೀರು ನೋಡುವವರನ್ನು ಬಾಗೇಪಲ್ಲಿ ಕಡೆಯಿಂದ ಕರೆಸಿದ್ದರು. ಬಿಳಿ ಪಂಚೆ, ಜೇಬಿನಲ್ಲಿ ಪುಟ್ಟ ಡೈರಿ, ಮಾತು ಅರ್ಧ ತೆಲುಗು ಅರ್ಧ ಕನ್ನಡ. ಸಿಪ್ಪೆ ಸುಲಿದು ಜುಟ್ಟು ಉಳಿಸಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು, ಬರಿಗಾಲಲ್ಲಿ, ಬದುವಿನ ಉದ್ದಕ್ಕೂ ಮೆಲ್ಲಗೆ ನಡೆದರು. ನಾವು ಹುಡುಗರು ನಾಲ್ಕು ಹೆಜ್ಜೆ ಹಿಂದೆ. ಮಾತಾಡಬಾರದು ಅಂತ ಅಪ್ಪಣೆ. ಹುಣಸೇಮರ ದಾಟಿದ ಮೇಲೆ ಒಂದು ಕಡೆ ಕಾಯಿ ಅಲ್ಲಾಡಿತು. ಜುಟ್ಟು ನಿಧಾನಕ್ಕೆ ಮೇಲೆದ್ದಿತು. ಕಾಯಿ ಅಂಗೈ ಮೇಲೆ ನೆಟ್ಟಗೆ ನಿಂತಿತು. ಅವರ ತೋಳು ಬಿಗಿದು ನರ ಉಬ್ಬಿದ್ದು ಕಾಣುತ್ತಿತ್ತು, ಹಣೆಯಲ್ಲಿ ಬೆವರು. ಚಿಕ್ಕಪ್ಪ ಅಲ್ಲೇ ಒಂದು ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಪಾಯಿಂಟ್ ಆಯಿತು.

ನೋಡಿ, ಇದನ್ನು ನಮ್ಮ ಕಡೆ ಯಾರೂ ಮಾಟ ಅನ್ನುವುದಿಲ್ಲ, ಮ್ಯಾಜಿಕ್ ಅನ್ನುವುದಿಲ್ಲ, ಪವಾಡ ಅಂತಲೂ ಅನ್ನುವುದಿಲ್ಲ. ಪಾಯಿಂಟ್ ಮಾಡುವುದು ಅನ್ನುತ್ತಾರೆ. ಪ್ಲಂಬರ್ ಕೆಲಸದಷ್ಟೇ ಸಾದಾ ಹೆಸರು. ಆ ಕಾಯಿ ಎದ್ದು ನಿಲ್ಲುವುದು ಮೋಸವೂ ಅಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ನಾವು ಒಂದನ್ನು ನಿರೀಕ್ಷೆ ಮಾಡುತ್ತಿದ್ದರೆ ನಮಗೇ ಗೊತ್ತಿಲ್ಲದಂತೆ ಕೈಯ ಸ್ನಾಯು ಸಣ್ಣಗೆ ಕದಲುತ್ತದೆ, ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ ಅನ್ನುವ ಶರೀರ ವಿಜ್ಞಾನಿ 1852ರಲ್ಲೇ ಇದಕ್ಕೆ ಹೆಸರು ಕೊಟ್ಟಿದ್ದ. ಕಾಯಿ ಹಿಡಿದವರು ಪ್ರಾಮಾಣಿಕರೇ ಇರಬಹುದು. ಅವರ ಅಂಗೈಗೆ ಹುಣಸೇಮರ ಕಂಡಿರಬಹುದು.

ರಿಗ್ ಲಾರಿ ಬಂತು. ರಾತ್ರಿಯಿಡೀ ಕೊರೆಯಿತು. ನಮ್ಮ ಕಡೆಯ ನೆಲ ಗಟ್ಟಿ ಗ್ರಾನೈಟ್. ಕೆಳಗೆ ನದಿ ಹರಿಯೋದಿಲ್ಲ. ಬಂಡೆಯ ಬಿರುಕಿನಲ್ಲಿ ನಿಂತ ನೀರಷ್ಟೇ ಇರೋದು, ಬಿರುಕು ಸಿಕ್ಕರೆ ಉಂಟು, ಸಿಗದಿದ್ದರೆ ಇಲ್ಲ. ಮಳೆ ಆ ಬಿರುಕು ತುಂಬುವುದಕ್ಕಿಂತ ಬೇಗ ನಾವು ಎತ್ತಿ ಖಾಲಿ ಮಾಡಿದ್ದೇವೆ. ಸಾವಿರ ಅಡಿ ದಾಟಿದರೂ ಪೈಪಿನ ಬಾಯಿಂದ ಬಿಳಿ ಧೂಳು ಬಿಟ್ಟು ಬೇರೇನೂ ಬರಲಿಲ್ಲ. ಬೆಳಗ್ಗೆ ತೋಟದ ಎಲೆ, ಚಪ್ಪರದ ತಂತಿ, ಚಿಕ್ಕಪ್ಪನ ಹುಬ್ಬು, ಎಲ್ಲದರ ಮೇಲೂ ಆ ಧೂಳು ಕೂತಿತ್ತು. ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಟ್ಟು ಲಾರಿ ಕಳಿಸಿದರು.

ಅಲ್ಲಿಯವರೆಗೆ ಇದು ಎಲ್ಲರ ಮನೆಯ ಕಥೆ. ಆಮೇಲೆ ಆದದ್ದೇ ನನ್ನನ್ನು ಕಾಡೋದು. ಕಾಯಿ ಸುಳ್ಳು ಹೇಳಿತು ಅಂತ ಯಾರೂ ಅನ್ನಲಿಲ್ಲ. ನೀರು ನೋಡಿದವರೂ ಬಂದು ಧೂಳು ನೋಡಿ, ಇಲ್ಲಿ ನೀರಿತ್ತು, ಯಾರೋ ಕಟ್ಟಿ ಹಾಕಿದ್ದಾರೆ ಅಂದರು. ಅಷ್ಟೇ ಸಾಕಾಯಿತು. ವಾರದ ಹಿಂದೆ ಬೇಲಿ ಹತ್ತಿರ ಕೊಯ್ದ ನಿಂಬೆಹಣ್ಣು ಕಂಡದ್ದು ಯಾರಿಗೋ ನೆನಪಾಯಿತು. ಪಕ್ಕದ ಜಮೀನು ದಾಯಾದಿಗಳದ್ದು, ಅವರ ಬೋರಿನಲ್ಲಿ ಇನ್ನೂ ಎರಡಿಂಚು ನೀರಿತ್ತು. "ಏನೋ ಮಾಡ್ಸವ್ರೆ" ಅನ್ನೋ ಮಾತು ಮನೆಯಿಂದ ಬೀದಿಗೆ ಹೋಗಿ ವಾಪಸ್ ಬಂತು. ಏನು ಮಾಡಿಸಿದ್ದಾರೆ ಅಂತ ಯಾರೂ ಹೇಳಲ್ಲ, ಹೇಳಬೇಕಾಗಿಯೂ ಇಲ್ಲ. ಆ ವರ್ಷ ಆ ಮನೆಯ ಹುಡುಗಿಯ ಮದುವೆಗೆ ನಮ್ಮವರು ಯಾರೂ ಹೋಗಲಿಲ್ಲ. ನಾನು ಆಕೆಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ನೆಲದಡಿಯ ಬಿರುಕೊಂದು ನಾಲ್ಕಡಿ ಅತ್ತ ಇದ್ದುದಕ್ಕೆ ಎರಡು ಮನೆಗಳು ವರ್ಷಗಟ್ಟಲೆ ಮಾತು ಬಿಟ್ಟವು.

ಚಿಕ್ಕಮ್ಮ ಆ ಬೋರ್ಡು ಬೇಡ ಅಂದಾಗ ಅವರ ತಲೆಯಲ್ಲಿ ಇದ್ದದ್ದು ಈ ನಿಂಬೆಹಣ್ಣು.

ಕುಂಬಳಕಾಯಿ ಪ್ರಶ್ನೆ

ನಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರು ಈ ವಿಷಯದಲ್ಲಿ ನೆನಪಾಗದೆ ಇರಲು ಸಾಧ್ಯವಿಲ್ಲ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ಎಲ್ಲರೂ ಎಚ್ಚೆನ್ ಅನ್ನುತ್ತಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ಮಾಡಿದರು. ಕುಲಪತಿ ಅಂದರೆ ಉದ್ಘಾಟನೆಗೆ ದೀಪ ಹಚ್ಚುವವರು ಅಂತ ನೋಡಿ ಅಭ್ಯಾಸವಾದ ನಮಗೆ ಇದು ಈಗಲೂ ವಿಚಿತ್ರ ಧೈರ್ಯ ಅನ್ನಿಸುತ್ತದೆ. ಸಮಿತಿ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೇಳಿತು. ಅವಕಾಶ ಸಿಗಲಿಲ್ಲ. ಕೈಯಲ್ಲಿ ಬಚ್ಚಿಡಬಹುದಾದ ವಿಭೂತಿ, ಉಂಗುರ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ತೋರಿಸಲಿ ಅಂತ ಎಚ್ಚೆನ್ ಕೇಳಿದ ಕಥೆ ನಮ್ಮ ಕಡೆ ಈಗಲೂ ಓಡಾಡುತ್ತದೆ. ಭಕ್ತರಿಗೆ ಬೇಸರ ಆಗಿದ್ದೂ ಸಹಜ. ನಮ್ಮ ಮನೆಯಲ್ಲೇ ಗೋಡೆ ಮೇಲೆ ಬಾಬಾ ಫೋಟೊ ಇತ್ತು, ಅದರ ಕೆಳಗೆ ಕೂತು ಅಪ್ಪ ಎಚ್ಚೆನ್ ಭಾಷಣದ ಸುದ್ದಿ ಮೆಚ್ಚಿ ಓದುತ್ತಿದ್ದರು. ಎರಡೂ ಒಟ್ಟಿಗೆ ನಡೆಯುತ್ತವೆ, ಅದೇನೂ ಅಪರೂಪ ಅಲ್ಲ.

ನನಗೆ ಕುಂಬಳಕಾಯಿ ಪ್ರಶ್ನೆ ಇಷ್ಟ ಆಗೋದು ಅದು ಅಳತೆಯ ಪ್ರಶ್ನೆ ಅನ್ನೋದಕ್ಕೆ. ತೋಳಿನೊಳಗೆ ಹಿಡಿಸದಷ್ಟು ದೊಡ್ಡದು ಬೇಕು, ಅಷ್ಟೇ. ಮ್ಯಾಜಿಕ್ ಅಂದವನನ್ನು ಹೀಗೆ ಕೇಳಬಹುದು, ಯಾಕಂದ್ರೆ ಅವನು ಏನೋ ನಡೆಯುತ್ತದೆ ಅಂದಿದ್ದಾನೆ. ಮ್ಯಾಜಿಕಲ್ ಅಂದವನನ್ನು ಏನಂತ ಕೇಳೋದು? ಸೂರ್ಯೋದಯಕ್ಕೆ ಕುಂಬಳಕಾಯಿ ಪರೀಕ್ಷೆ ಇಲ್ಲ. ಅಲ್ಲಿ ಮಾಡಿದವನಿಲ್ಲ, ಮಾಡಿಸಿದವನಿಲ್ಲ, ದುಡ್ಡು ವಾಪಸ್ ಕೇಳುವ ಹಾಗೂ ಇಲ್ಲ. ಜಾಹೀರಾತಿನವರಿಗೆ ಈ ವಿಶೇಷಣ ಯಾಕೆ ಅಷ್ಟು ಪ್ರೀತಿ ಅಂತ ನನಗೆ ಅರ್ಥವಾದದ್ದು ಹೀಗೆ.

ಕಾನೂನು ನೋಡಿದರೂ ಅದೇ ಗೆರೆ ಕಾಣುತ್ತದೆ. 1954ರ ಔಷಧ ಜಾಹೀರಾತು ಕಾಯ್ದೆಯ ಹೆಸರಿನಲ್ಲೇ ಮ್ಯಾಜಿಕ್ ರೆಮಿಡೀಸ್ ಅಂತ ಇದೆ. ತಾಯಿತ, ಮಂತ್ರ, ಕವಚ ಇವುಗಳಿಂದ ರೋಗ ವಾಸಿ ಮಾಡುತ್ತೇನೆ ಅಂತ ಜಾಹೀರಾತು ಕೊಟ್ಟರೆ ಅದರಡಿ ಅಪರಾಧ. ನಮ್ಮ ರಾಜ್ಯದ್ದು 2017ರಲ್ಲಿ ಆಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಇಂಗ್ಲಿಷ್ ಹೆಸರಿನಲ್ಲಿ ಬ್ಲ್ಯಾಕ್ ಮ್ಯಾಜಿಕ್, ಕನ್ನಡದಲ್ಲಿ ವಾಮಾಚಾರ. ಹಾವೋ ಚೇಳೋ ಕಚ್ಚಿದವರನ್ನು ಆಸ್ಪತ್ರೆಗೆ ಹೋಗಲು ಬಿಡದೆ ಮಂತ್ರ ಹಾಕುವುದು ಅದರಲ್ಲಿ ತಪ್ಪು. ಜ್ಯೋತಿಷ್ಯ, ವಾಸ್ತು ಹೊರಗೆ ಉಳಿದಿವೆ. ಹೊರಗೆ ಬಿಟ್ಟದ್ದು ನನಗೆ ಸರಿ ಕಾಣುವುದಿಲ್ಲ, ಆದರೆ ಅವನ್ನೂ ಸೇರಿಸಿದ್ದರೆ ಕಾನೂನು ಪಾಸಾಗುತ್ತಲೇ ಇರಲಿಲ್ಲ ಅನ್ನೋದೂ ಗೊತ್ತು. ಇನ್ನು 'ಮ್ಯಾಜಿಕಲ್ ಹೀಲಿಂಗ್ ವೀಕೆಂಡ್' ಅಂತ ನಂದಿ ತಪ್ಪಲಿನಲ್ಲಿ ಬೋರ್ಡ್ ಹಾಕಿದರೆ? ಯಾವ ರೋಗ ಅಂತಲೂ ಹೇಳಿಲ್ಲ, ವಾಸಿ ಮಾಡ್ತೀನಿ ಅಂತಲೂ ಹೇಳಿಲ್ಲ. ತಾಯಿತ ಕಟ್ಟುವವನಿಗಿಂತ ಇವನು ಜಾಣ.

ಒಂದು ಅಡ್ಡಮಾತು. ಎಚ್ಚೆನ್ 1960ರಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ್ದು ಪರಮಾಣು ಬೀಜದ ಭೌತಶಾಸ್ತ್ರದಲ್ಲಿ. ಆ ಶಾಸ್ತ್ರದಲ್ಲೇ ಮ್ಯಾಜಿಕ್ ನಂಬರ್ಸ್ ಅಂತ ಇವೆ. 2, 8, 20, 28, 50, 82, 126. ಬೀಜದೊಳಗೆ ಪ್ರೋಟಾನ್ ಅಥವಾ ನ್ಯೂಟ್ರಾನ್ ಇಷ್ಟು ಸಂಖ್ಯೆಯಲ್ಲಿದ್ದರೆ ಅದು ಅಕ್ಕಪಕ್ಕದವಕ್ಕಿಂತ ಹೆಚ್ಚು ಗಟ್ಟಿ. ಮರಿಯಾ ಗೆಪರ್ಟ್ ಮೇಯರ್ ಈ ಸಂಖ್ಯೆಗಳ ಸಾಕ್ಷಿ ಮುಂದಿಟ್ಟಾಗ ಯೂಜೀನ್ ವಿಗ್ನರ್‌ಗೆ ಇದು ಸ್ವಲ್ಪ ಮ್ಯಾಜಿಕ್‌ನಂತೆ ಕಂಡು ಆ ಹೆಸರು ಬಂತಂತೆ. 1949ರಲ್ಲಿ ಮೇಯರ್, ಇನ್ನೊಂದು ಕಡೆ ಜರ್ಮನಿಯ ಯೆನ್ಸನ್, ಬೀಜದೊಳಗೂ ಪದರ ಪದರವಾಗಿ ಜಾಗ ತುಂಬುತ್ತದೆ ಅಂತ ಕಾರಣ ಕೊಟ್ಟರು. 1963ರಲ್ಲಿ ಮೂವರಿಗೂ ನೊಬೆಲ್ ಬಂತು. ಕಾರಣ ಸಿಕ್ಕ ಮೇಲೂ ಹೆಸರು ಬದಲಾಗಲಿಲ್ಲ. ಪ್ರೋಟಾನ್ 82, ನ್ಯೂಟ್ರಾನ್ 126 ಇರುವ ಸೀಸ-208 ಅನ್ನು ಇವತ್ತಿಗೂ ಡಬ್ಲಿ ಮ್ಯಾಜಿಕ್ ಅನ್ನುತ್ತಾರೆ. ಗಮನಿಸಿ, ಮ್ಯಾಜಿಕಲ್ ಅಲ್ಲ. ಅಲ್ಲಿ ಆ ಸಂಖ್ಯೆ ನಿಜಕ್ಕೂ ಏನೋ ಮಾಡುತ್ತದೆ, ಅಳೆದು ನೋಡಬಹುದು. ಪವಾಡದ ಬೆನ್ನು ಹತ್ತಿದ ಮನುಷ್ಯ ಕಲಿತ ಶಾಸ್ತ್ರದಲ್ಲಿ ಈ ಮಾತು ಇಷ್ಟು ಮರ್ಯಾದೆಯಿಂದ ಬಾಳುತ್ತಿದೆ ಅನ್ನೋದು ನನಗೆ ಬಹಳ ಇಷ್ಟ.

ದಾಸವಾಳ

ಹೈಸ್ಕೂಲಿನಲ್ಲಿದ್ದಾಗ ಪವಾಡ ಬಯಲು ಕಾರ್ಯಕ್ರಮ ಬಂದಿತ್ತು. ನಾಲಿಗೆ ಮೇಲೆ ಕರ್ಪೂರ ಉರಿಸಿದರು, ನೀರು ಚಿಮುಕಿಸಿ ಬೆಂಕಿ ಬರಿಸಿದರು. ನನಗೆ ಉಳಿದದ್ದು ನಿಂಬೆಹಣ್ಣು. ಚಾಕು ಹಾಕಿದರೆ ಹಣ್ಣಿನಿಂದ ಕೆಂಪು ರಸ ಇಳಿಯಿತು. ಮುಂದಿನ ಸಾಲಿನ ಹುಡುಗಿಯರು ಕಿರುಚಿದರು. ಆಮೇಲೆ ಅವರು ಚಾಕು ಎತ್ತಿ ತೋರಿಸಿ, ಮೊದಲೇ ದಾಸವಾಳದ ಹೂವನ್ನು ಇದಕ್ಕೆ ಉಜ್ಜಿದ್ದೆ, ಹೂವಿನ ಬಣ್ಣ ಹುಳಿ ತಾಗಿದರೆ ಕೆಂಪಾಗುತ್ತೆ ಅಂದರು. ಅವತ್ತು ಸಂಜೆ ನಮ್ಮ ಬೀದಿಯಲ್ಲಿ ಒಂದು ದಾಸವಾಳವೂ ಗಿಡದಲ್ಲಿ ಉಳಿಯಲಿಲ್ಲ. ನನ್ನದು ಮೊದಲು ಸರಿಯಾಗಿ ಬರಲಿಲ್ಲ, ಹೂವು ಸಾಲದೆ ಬಣ್ಣ ಬರೀ ಗುಲಾಬಿ. ಇನ್ನಷ್ಟು ಉಜ್ಜಿ, ರಸ ಒಣಗಲು ಬಿಟ್ಟು ಕೊಯ್ದೆ. ಕೆಂಪು ಜಾರಿ ಮಣಿಕಟ್ಟಿನವರೆಗೆ ಬಂತು. ಗುಟ್ಟು ಗೊತ್ತಿದ್ದೂ ಮೈ ಜುಂ ಅಂದಿತು. ಇದನ್ನು ಬೇಕಾದರೆ ಮ್ಯಾಜಿಕಲ್ ಅಂತ ಕರೀರಿ, ನನ್ನ ತಕರಾರಿಲ್ಲ.

ಅಜ್ಜಿಗೆ ಓಡಿ ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. "ಅವನು ಮಾಡೋದು ಸುಳ್ಳು ಅಂತ ಅವನೇ ತೋರಿಸಿದ. ಸರಿ. ನಿಜವಾಗಿ ಮಾಡೋರು ಸ್ಕೂಲಿಗೆ ಬಂದು ತೋರಿಸ್ತಾರಾ?" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ. ಈಗ ಇದ್ದರೂ ಅಜ್ಜಿಗೆ ಒಪ್ಪಿಗೆ ಆಗುತ್ತಿತ್ತು ಅಂತ ಅನ್ನಿಸುವುದಿಲ್ಲ. ಗುಟ್ಟು ಬಿಡಿಸಿ ತೋರಿಸುವುದರಿಂದ ಭಯ ಹೋಗಿಬಿಡುತ್ತೆ ಅನ್ನೋದು ನಮ್ಮಂಥ ಓದಿದವರ ಲೆಕ್ಕಾಚಾರ. ಭಯ ಹೋಗೋದು ಬಹುಶಃ ಬೇರೆ ರೀತಿ. ಇಂಗ್ಲಿಷಿನವರಿಗೂ ಯಾರೋ ಬಂದು ಚಾರ್ಮ್ ಅಂದರೆ ಬರೀ ಹಾಡು ಅಂತ ಪಾಠ ಮಾಡಿರಲಿಕ್ಕಿಲ್ಲ. ಕರು ಸತ್ತರೆ ಪಶುವೈದ್ಯರು ಬರುವಂತಾಯಿತು, ಮಗುವಿಗೆ ಲಸಿಕೆ ಬಂತು, ಕೊಳಾಯಿ ತಿರುಗಿಸಿದರೆ ನೀರು ಬಂತು. ಪಕ್ಕದ ಮನೆಯ ಮುದುಕಿಯ ಮೇಲೆ ಅನುಮಾನ ಪಡುವ ಕೆಲಸವೇ ತಪ್ಪಿತು. ಕೆಲಸ ತಪ್ಪಿದ ಮಾತುಗಳು ಹೊಗಳಿಕೆಗೆ ಸೇರಿಕೊಂಡವು. ಇದು ನನ್ನ ಊಹೆ, ಆದರೆ ಚಿಕ್ಕಪ್ಪನ ತೋಟದಲ್ಲಿ ಕಣ್ಣೆದುರೇ ಸ್ವಲ್ಪ ಹೀಗೇ ಆಯಿತು.

ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಡುವ ಯೋಜನೆ ಬಂತಲ್ಲ, ಎಲ್ಲರೂ ಎಚ್ಚೆನ್ ವ್ಯಾಲಿ ಅಂತಾರೆ. (ನಮ್ಮ ಎಚ್ಚೆನ್‌ಗೂ ಅದಕ್ಕೂ ಸಂಬಂಧ ಇಲ್ಲ, ಅಕ್ಷರ ಕೂಡಿ ಬಂದದ್ದಷ್ಟೇ.) ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ನೀರು ಬಂತು, ಸುತ್ತಿನ ಕೆರೆಗಳಿಗೂ ಬಂತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅನ್ನುವ ಹೋರಾಟ ನಡೆಯುತ್ತಲೇ ಇದೆ, ಅದು ನ್ಯಾಯವಾದದ್ದೇ. ನಮ್ಮೂರ ಕೆರೆ ತುಂಬಿದ ಎರಡನೇ ಬೇಸಿಗೆಗೆ ಚಿಕ್ಕಪ್ಪನ ಹಳೇ ಬೋರಿನಲ್ಲಿ ನೀರು ಕಾಣಿಸಿತು. ದಾಯಾದಿಗಳ ಬೋರಿನಲ್ಲೂ ಏರಿತು. ಮಾಡಿಸಿದವರು ಯಾರು ಅನ್ನುವ ಮಾತು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ, ಆಡುವುದು ಮಾತ್ರ ನಿಂತುಹೋಯಿತು. ಕಳೆದ ಸಂಕ್ರಾಂತಿಗೆ ಆ ಮನೆಯಿಂದ ಎಳ್ಳು ಬೆಲ್ಲ ಬಂತು. ಇವರೂ ಕಳಿಸಿದರು.

ಸುದ್ದಿ ಬಾಗೇಪಲ್ಲಿ ಕಡೆಗೂ ಹೋಗಿತ್ತು. ನೀರು ನೋಡುವವರು ಯಾವುದೋ ಮದುವೆಗೆ ಬಂದವರು ಹಾಗೇ ತೋಟಕ್ಕೂ ಬಂದರು. ವಯಸ್ಸಾಗಿದೆ, ಆದರೆ ಪಂಚೆ ಇನ್ನೂ ಅಷ್ಟೇ ಬಿಳಿ. ಪಂಪು ಹಾಕಿಸಿ ನೋಡಿ, ಬೊಗಸೆಯಲ್ಲಿ ಹಿಡಿದು ಮೂಸಿದರು.

"ನೋಡಿದ್ರಾ ಗೌಡ್ರೆ, ನೀರೈತೆ ಅಂತ ನಾನು ಅವತ್ತೇ ಹೇಳಿದ್ದೆ."

"ಹೇಳಿದ್ದೆ ಕಣಯ್ಯ," ಅಂದರು ಚಿಕ್ಕಪ್ಪ. "ಬೆಂಗಳೂರಿನವರ ಬಚ್ಚಲಲ್ಲೈತೆ ಅಂತ ಮಾತ್ರ ಹೇಳಿರ್ಲಿಲ್ಲ. ಬಾ, ಕಾಫಿ ಕುಡಿ."